ಬಿಪಿ ನಾರ್ಮಲ್ ಇದೆ ಅಂತ ಮಗುವನ್ನು ಕಳಿಸಬೇಡಿ

ಈಗಷ್ಟೇ ಆಸ್ಪತ್ರೆಯಿಂದ ಬಂದೆ, ಕೋಪ ಇನ್ನೂ ಇಳಿದಿಲ್ಲ. ಎಮರ್ಜೆನ್ಸಿಯಲ್ಲೇ ನರ್ಸ್ ಆಗಿ ಕೂದಲು ಹಣ್ಣು ಮಾಡಿಕೊಂಡವಳು ನಾನು, ರಕ್ತ ನೋಡಿ ಹೆದರುವವಳಲ್ಲ ಅಂತ ನಿಮಗೆಲ್ಲ ಗೊತ್ತು.

ಮಂಡ್ಯ ಕಡೆಯ ನಮ್ಮ ನೆಂಟರ ಮಗು. ಕಬ್ಬಿನ ಟ್ರ್ಯಾಕ್ಟರಿಂದ ಬಿದ್ದು ಹೊಟ್ಟೆಗೆ ಏಟಾಗಿದೆ. ಹತ್ತಿರದ ಆಸ್ಪತ್ರೆಯವರು "ಬಿಪಿ ನಾರ್ಮಲ್ ಇದೆ, ಮೈಸೂರಿಗೆ ಕರ್ಕೊಂಡು ಹೋಗಿ" ಅಂದರಂತೆ. ಅಷ್ಟೇ! ಡ್ರಿಪ್ ಹಾಕಿಲ್ಲ, ಬೆಚ್ಚಗೆ ಹೊದಿಸಿಲ್ಲ, ಮೈಸೂರಿಗೆ ಒಂದು ಫೋನ್ ಕೂಡ ಮಾಡಿಲ್ಲ. ಅಪ್ಪನ ತೊಡೆ ಮೇಲೆ ಮಲಗಿ ಕಾರಿನಲ್ಲಿ ಬಂದ ಮಗು ಇಲ್ಲಿ ಮುಟ್ಟುವಾಗ ಕೈಕಾಲೆಲ್ಲ ತಣ್ಣಗಾಗಿ, ಕರೆದರೂ ಕಣ್ಣು ಬಿಡುತ್ತಿರಲಿಲ್ಲ. ಒಳಗೆ ರಕ್ತ ಸೋರುತ್ತಿತ್ತು. ಈಗ ಐಸಿಯುನಲ್ಲಿದೆ.

ಮಕ್ಕಳ ಮೈಯಲ್ಲಿ ರಕ್ತ ಇರುವುದೇ ಕೆಜಿಗೆ ಸುಮಾರು 80 ಎಂಎಲ್. 15 ಕೆಜಿ ಮಗುವಿಗೆ ಒಂದೂಕಾಲು ಲೀಟರ್ ಕೂಡ ಇಲ್ಲ. ಅದರಲ್ಲಿ ಕಾಲು ಭಾಗ ಹೋದರೂ ಬಿಪಿ ಬೀಳದೇ ಇರಬಹುದು, ಯಾಕಂದ್ರೆ ಹೃದಯ ಜೋರಾಗಿ ಬಡಿದು, ರಕ್ತನಾಳ ಬಿಗಿದು ಹೇಗೋ ತಡೆದುಕೊಂಡಿರುತ್ತದೆ. ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಬಿಪಿ ಬಿದ್ದ ಮೇಲೆ ಎಚ್ಚೆತ್ತರೆ ತುಂಬಾ ತಡ. ಮೊದಲೇ ಸುಳಿವು ಕೊಡುವುದು ನಾಡಿಯ ವೇಗ, ತಣ್ಣಗಾದ ಕೈಕಾಲು, ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳಲು ಹಿಡಿಯುವ ಹೊತ್ತು. ಇದಕ್ಕೆ ಯಾವ ಮಷೀನೂ ಬೇಡ, ಅಲ್ವಾ?

"ಸಣ್ಣ ಆಸ್ಪತ್ರೆಯಲ್ಲಿ ಮಕ್ಕಳ ಸರ್ಜನ್ ಎಲ್ಲಿರ್ತಾರೆ, ಹೆಚ್ಚುಕಮ್ಮಿ ಆದ್ರೆ ಜನ ಡಾಕ್ಟರಿಗೇ ಹೊಡೀತಾರೆ" ಅಂತ ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದರು. ಹೊಡೆಯುವುದು ತಪ್ಪೇ, ಆ ಭಯ ನಾನೂ ಉಂಡಿದ್ದೇನೆ. ಆದರೆ ಆಪರೇಷನ್ ಮಾಡಿ ಅಂತ ಯಾರು ಕೇಳಿದರು? ತೂಕ ನೋಡಿ, ಮಕ್ಕಳಿಗೆ ಔಷಧಿ, ಡ್ರಿಪ್ ಎಲ್ಲ ತೂಕದ ಲೆಕ್ಕವೇ. ಆಕ್ಸಿಜನ್ ಕೊಡಿ. ನರ ಸಿಗದಿದ್ದರೆ ಮೊಣಕಾಲ ಕೆಳಗಿನ ಮೂಳೆಗೆ ಸೂಜಿ ಹಾಕಿ ಡ್ರಿಪ್ ಕೊಡುವ ದಾರಿ ಇದೆ, ಅದನ್ನು ಕಲಿಸಿ. ಬೆಚ್ಚಗಿಡಿ, ಪುಟ್ಟ ಮೈ ಬೇಗ ತಣ್ಣಗಾಗುತ್ತದೆ, ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಇಷ್ಟು ಮಾಡುತ್ತಲೇ ಮೈಸೂರಿಗೆ ಫೋನ್ ಮಾಡಿ, ಆಂಬುಲೆನ್ಸ್‌ನಲ್ಲಿ ಕಳಿಸಿ. ಸುಮ್ನೆ ಚೀಟಿ ಬರೆದು ಕೈತೊಳೆದುಕೊಳ್ಳುವುದನ್ನು ರೆಫರ್ ಅನ್ನಬೇಡಿ!

ಹಳ್ಳಿ ಕಡೆ ಇರುವವರಿಗೆ ಒಂದು ಮಾತು. ಏಟಾದ ತಕ್ಷಣ 108ಕ್ಕೆ ಕರೆ ಮಾಡಿ. ರಕ್ತ ಸುರಿಯುತ್ತಿದ್ದರೆ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕತ್ತು, ಬೆನ್ನಿಗೆ ಏಟಾಗಿರುವ ಅನುಮಾನ ಇದ್ದರೆ ಎತ್ತಿ ಕೂರಿಸಬೇಡಿ. ಬೇರೆ ಕಡೆ ಕರ್ಕೊಂಡು ಹೋಗಿ ಅಂದರೆ, ನಾಡಿ ಎಷ್ಟಿದೆ, ಅಲ್ಲಿಗೆ ಫೋನ್ ಮಾಡಿದ್ರಾ, ದಾರಿಯಲ್ಲಿ ಜೊತೆಗೆ ಯಾರು ಬರ್ತಾರೆ ಅಂತ ಕೇಳಿ. ಬೈದುಕೊಂಡರೂ ಪರವಾಗಿಲ್ಲ, ಕೇಳಿ.