ಮಾಂಸ ಸುಧಾರಿಸಿಕೊಳ್ಳುವ ಹೊತ್ತಿಗೆ ಸಿಗಡಿ ಬೇಯಲಿ

ಇಬ್ಬರೇ ಕೂತು ಉಣ್ಣುವ ರಾತ್ರಿಯೂಟಕ್ಕೆ ಸಿಗಡಿ ಅಂತ ತೀರ್ಮಾನ ಮಾಡಿದ್ದೀರಿ. ಜೊತೆಗೆ ಮಾಂಸದ್ದು ಏನು? ಕರ್ನಾಟಕದಲ್ಲಿದ್ದಾಗ ನನಗೆ ಈ ಪ್ರಶ್ನೆಯೇ ಬಂದಿರಲಿಲ್ಲ. ಪ್ರೀತಿ ಅಂದರೆ ಬಡಿಸುವುದು, ಒಂದಾದ ಮೇಲೊಂದು ಬಿಸಿಬಿಸಿ ತಂದು ಹಾಕುವುದು ಅಂತಲೇ ತಿಳಿದಿದ್ದೆ. ಹೊರಗೆ ಬಂದ ಮೇಲೆ ಇನ್ನೊಂದು ರೀತಿ ನೋಡಿದೆ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿ, ಒಂದೇ ತಟ್ಟೆಗೆ ಹಾಕಿ, ಒಲೆ ಆರಿಸಿ ಎದುರಿಗೆ ಕೂತುಬಿಡುವುದು. ಇಬ್ಬರ ಊಟಕ್ಕೆ ಇದೇ ಸರಿ ಅಂತ ಈಗ ನನಗನ್ನಿಸುತ್ತದೆ.

ಮೊದಲ ಸಲ ನಾನು ಹಳೇ ಅಭ್ಯಾಸದಂತೆಯೇ ಮಾಡಿದ್ದೆ. ಮಸಾಲೆ ಅರೆದು ಗಟ್ಟಿ ಗೊಜ್ಜಿನ ಮಟನ್, ಪಕ್ಕದಲ್ಲಿ ಸಿಗಡಿ. ಮಟನ್ ಕಡೆ ಗಮನ ಕೊಡುತ್ತಾ ಸಿಗಡಿ ಮರೆತೆ. ಹೆಂಡತಿಯ ತಟ್ಟೆಯಲ್ಲಿ ಅವು ಉಂಗುರದ ಹಾಗೆ ಸುರುಟಿಕೊಂಡು ಕೂತಿದ್ದವು. ಅವಳು ಒಂದನ್ನು ತುಂಬಾ ಹೊತ್ತು ಅಗಿದಳು, ಏನೂ ಹೇಳಲಿಲ್ಲ. ಆ ಊಟದ ಅರ್ಧ ಹೊತ್ತು ನಾನು ಅಡುಗೆಮನೆಯಲ್ಲೇ ಇದ್ದೆ. ಅದು ನನಗೆ ಇವತ್ತಿಗೂ ಬೇಜಾರು.

ಸಿಗಡಿಯದು ತಿಳಿಯಾದ ಸಿಹಿ ರುಚಿ. ಗ್ಲೈಸಿನ್ ಎನ್ನುವ ಅಮೈನೊ ಆಮ್ಲದಿಂದ ಬರುವಂಥದ್ದು. ಖಾರದ ಮಸಾಲೆ ಪಕ್ಕದಲ್ಲಿದ್ದರೆ ಅದು ನಾಲಿಗೆಗೆ ಸಿಗುವುದೇ ಇಲ್ಲ. ಹಾಗಾಗಿ ಮಾಂಸವನ್ನು ಸಿಗಡಿ ನೋಡಿ ಆರಿಸಬೇಕು. ಕೊಬ್ಬು ಕಡಿಮೆ ಇರುವ, ಬೇಗ ಬೇಯುವ ತುಂಡು ಒಳ್ಳೆಯದು: ಬೀಫ್ ತಿನ್ನುವವರಿಗೆ ಬೆನ್ನಿನ ಒಳಭಾಗದ ಮೆತ್ತನೆ ತುಂಡಾದ ಟೆಂಡರ್‌ಲಾಯಿನ್, ಇಲ್ಲದಿದ್ದರೆ ಎಳೆ ಕುರಿಯ ಚಾಪ್ಸ್ ಅಥವಾ ಕೋಳಿ. ಉಪ್ಪು, ಮೆಣಸು, ಒಂದೆರಡು ಎಸಳು ಬೆಳ್ಳುಳ್ಳಿ ಸಾಕು. ಒಬ್ಬರಿಗೆ 120ರಿಂದ 150 ಗ್ರಾಂ ಮಾಂಸ, ನಾಲ್ಕೈದು ದೊಡ್ಡ ಸಿಗಡಿ. ಹೊಟ್ಟೆ ಬಿರಿಯುವಷ್ಟು ತಿಂದ ಮೇಲೆ ಮಾತಿಗೆ ಮನಸ್ಸೆಲ್ಲಿ ಬರುತ್ತದೆ, ಅಲ್ವಾ?

ಅಮೆರಿಕದ ರೆಸ್ಟೋರೆಂಟ್‌ಗಳಲ್ಲಿ ಇಂಥ ಜೋಡಿಗೆ ಸರ್ಫ್ ಅಂಡ್ ಟರ್ಫ್ ಅನ್ನುತ್ತಾರೆ. ಸಾಮಾನ್ಯವಾಗಿ ಸ್ಟೇಕ್, ಅಂದರೆ ದಪ್ಪಗೆ ಕೊಯ್ದ ಮಾಂಸದ ತುಂಡಿನ ಜೊತೆ ಲಾಬ್‌ಸ್ಟರ್. ಅದು ನನಗೆ ಸ್ವಲ್ಪ ಆಡಂಬರ ಅನ್ನಿಸುತ್ತದೆ. ಸ್ಪೇನಿನ ಕೆಟಲೋನಿಯಾದವರು ಕೋಳಿ, ಸಿಗಡಿ ಒಟ್ಟಿಗೆ ಬೇಯಿಸಿ ಅದನ್ನು ಕಡಲು-ಬೆಟ್ಟದ ಅಡುಗೆ ಅಂತ ಕರೆಯುತ್ತಾರೆ. ಪೋರ್ಚುಗಲ್ಲಿನಲ್ಲಿ ಹಂದಿಮಾಂಸಕ್ಕೆ ಚಿಪ್ಪುಮೀನು ಸೇರಿಸುತ್ತಾರೆ. ಎರಡರ ರಸವೂ ಒಂದೇ ಪಾತ್ರೆಯಲ್ಲಿ ಬೆರೆಯುತ್ತದೆ. ನನಗೆ ಇಷ್ಟವಾಗುವುದು ಅದೇ.

ಈ ಜೋಡಿಯಲ್ಲಿ ಸಮಯವೂ ತಾನಾಗಿ ಹೊಂದುತ್ತದೆ. ಸ್ಟೇಕ್ ಅಥವಾ ಚಾಪ್ಸ್ ಬಾಣಲೆಯಿಂದ ತೆಗೆದ ಮೇಲೆ ಐದು ನಿಮಿಷ ಸುಮ್ನೆ ಇಡಬೇಕು, ತಕ್ಷಣ ಕೊಯ್ದರೆ ರಸವೆಲ್ಲ ಹಲಗೆ ಮೇಲೆ ಹರಿದುಹೋಗುತ್ತದೆ. ಸಿಗಡಿ ಬೇಯುವುದಕ್ಕೆ ಬೇಕಾದದ್ದು ಎರಡು-ಮೂರು ನಿಮಿಷ. ಅದೇ ಬಾಣಲೆಗೆ ಒಂದು ಚಮಚ ಬೆಣ್ಣೆ ಹಾಕಿ, ಒರೆಸಿಟ್ಟ ಸಿಗಡಿ ಹರಡಿ. ತಳಕ್ಕೆ ಹತ್ತಿದ ಮಾಂಸದ ರಸವನ್ನೆಲ್ಲ ಅವು ಮೈಗೆ ಹಚ್ಚಿಕೊಳ್ಳುತ್ತವೆ. ಬಣ್ಣ ತಿರುಗಿ ಅರ್ಧಚಂದ್ರದ ಹಾಗೆ ಬಾಗಿದರೆ ಇಳಿಸಿಬಿಡಿ. ಮೇಲೆ ನಿಂಬೆ ಹಿಂಡಿ. ಕೋಳಿಯಾದರೆ ಮಾತ್ರ ಒಳಗೆ 74 ಡಿಗ್ರಿ ಸೆಲ್ಸಿಯಸ್ ತನಕ ಪೂರ್ತಿ ಬೇಯಲೇಬೇಕು.

ಸಿಗಡಿ, ಏಡಿ ಕೆಲವರಿಗೆ ಅಲರ್ಜಿ. ಹೊಸ ಪರಿಚಯವಾದರೆ ಮೊದಲೇ ಕೇಳಿಬಿಡಿ. ಇನ್ನು ಎಣ್ಣೆಯಂಶ ಜಾಸ್ತಿ ಇರುವ ಮೀನು ಮಾಡುತ್ತೀರಾದರೆ, ನನ್ನ ಮಟ್ಟಿಗೆ, ಜೊತೆಗೆ ಮಾಂಸವೇ ಬೇಡ.

ಕಳೆದ ಸಲ ಹೀಗೇ ಮಾಡಿದೆ. ಅವಳು ತಟ್ಟೆಯಲ್ಲಿ ಉಳಿದಿದ್ದ ಬೆಣ್ಣೆಯನ್ನು ಬ್ರೆಡ್ಡಿನ ಚೂರಿನಿಂದ ಒರೆಸಿ ತಿಂದಳು. ಕೂತವನು ನಾನು ಊಟ ಮುಗಿಯುವವರೆಗೆ ಒಂದು ಸಲವೂ ಏಳಲಿಲ್ಲ.