ಬಿಡ್ತು ಅನ್ನು

ಕಳೆದ ವಾರ ಹ್ಯೂಸ್ಟನ್‌ನಿಂದ ಉಡುಪಿಗೆ ಫೋನ್ ಮಾಡಿದ್ದೆ. "ಅಮ್ಮ, ಮನೆಗೊಂದು ವಿಮೆ ಮಾಡಿಸುವ. ಇನ್ನೊಮ್ಮೆ ನೆರೆ ಬಂದರೆ?" ಅಂದೆ. ಅಮ್ಮ ಮಾತು ಮುಗಿಸಲೂ ಬಿಡಲಿಲ್ಲ. "ಬಿಡ್ತು ಅನ್ನು! ದೀಪ ಹಚ್ಚುವ ಹೊತ್ತಿಗೆ ಎಂಥ ಮಾತದು?" ಚುರುಕ್ ಎಂದಿತು. ಬಿಡ್ತು ಅಂದೆ. ಆದರೆ ಮನಸ್ಸು ಬಿಡಲಿಲ್ಲ.

ಇಲ್ಲಿ ಮನೆ ಕೊಳ್ಳುವಾಗ ಅಡುಗೆಮನೆಗಿಂತ ಮೊದಲು ನೆರೆಯ ನಕ್ಷೆ ನೋಡಿದೆವು. ಮಾಮೂಲಿ ಮನೆ ವಿಮೆಯಲ್ಲಿ ನೆರೆ ಸೇರುವುದಿಲ್ಲ. ಅದಕ್ಕೆ ಬೇರೆಯೇ ಪಾಲಿಸಿ. ಸರ್ಕಾರದ ಯೋಜನೆಯೇ ಇದೆ, 1968ರದ್ದು. ಕಟ್ಟಡಕ್ಕೆ 2.5 ಲಕ್ಷ ಡಾಲರ್, ಸಾಮಾನಿಗೆ 1 ಲಕ್ಷದ ತನಕ. ಸಾಮಾನ್ಯವಾಗಿ 30 ದಿನ ಕಳೆದ ಮೇಲೆಯೇ ಅದು ಜಾರಿ. ಟಿವಿಯಲ್ಲಿ ಚಂಡಮಾರುತ ಕಂಡ ಮೇಲೆ ಓಡಿದರೆ ಪ್ರಯೋಜನವಿಲ್ಲ. ನಕ್ಷೆಯಲ್ಲಿ ನಮ್ಮ ಮನೆ ಅಪಾಯದ ಜಾಗದಲ್ಲಿರಲಿಲ್ಲ. ಸುಮ್ನೆ ಯಾಕೆ ದುಡ್ಡು ಅಂದುಕೊಂಡೆ. ಆಗ ಆಫೀಸಿನ ಗೆಳೆಯ ತನ್ನ ಕಥೆ ಹೇಳಿದ. ಅವನ ಮನೆಯೂ ಆ ಗೆರೆಯ ಹೊರಗೇ ಇತ್ತಂತೆ. 2017ರ ಹಾರ್ವಿ ಚಂಡಮಾರುತದಲ್ಲಿ ಮಂಡಿಯವರೆಗೆ ನೀರು. ಅದೇ ವಾರ ಸಹಿ ಹಾಕಿದೆ.

ನಮ್ಮ ಊರಿನವರಿಗೆ ನಕ್ಷೆಯೂ ಬೇಡ, 2020ರ ಸೆಪ್ಟೆಂಬರ್ 20 ನೆನಪಿದ್ದರೆ ಸಾಕು. ಕಲ್ಸಂಕ, ಬೈಲಕೆರೆ, ಗುಂಡಿಬೈಲು ಎಲ್ಲ ನೀರು. ಗದ್ದೆಗೆ ಮಣ್ಣು ತುಂಬಿ ಮನೆ ಕಟ್ಟಿದ ಮೇಲೆ ತೋಡಿನ ನೀರು ಹೋಗುವುದಾದರೂ ಎಲ್ಲಿಗೆ? ನಮ್ಮ ದೇವರ ಕೋಣೆಯ ಬಾಗಿಲು ಉಬ್ಬಿಕೊಂಡು ಇವತ್ತಿಗೂ ಪೂರ್ತಿ ಮುಚ್ಚುವುದಿಲ್ಲ. ಕಪಾಟಿನ ಕೆಳಗಿನ ಖಾನೆಯಲ್ಲಿ ಅಮ್ಮನ ಧಾರೆ ಸೀರೆ ಇತ್ತು. ಎಷ್ಟು ಒಗೆದರೂ ಜರಿಯೊಳಗಿನ ಕೆಸರು ಹೋಗಲಿಲ್ಲ. ಅಮ್ಮ ಅದನ್ನು ಮಡಚಿ ಮತ್ತೆ ಅಲ್ಲೇ ಇಟ್ಟಿದ್ದಾರೆ. ಕೆಳಗಿನ ಖಾನೆಯಲ್ಲೇ!

ಇದು ನನಗೆ ನುಂಗಲಾಗದ ವಿಷಯ. ಕಾರಿನ ವಿಮೆಯನ್ನು ಅಪ್ಪ ಒಂದು ದಿನ ತಡ ಮಾಡುವುದಿಲ್ಲ. ಜೀವಮಾನದ ದುಡಿಮೆ ಸುರಿದ ಮನೆಗೆ ಏನೂ ಇಲ್ಲ. ಸಾಲ ಇದ್ದಷ್ಟು ದಿನ ಬ್ಯಾಂಕಿನವರಾದರೂ ವಿಮೆ ಕೇಳುತ್ತಿದ್ದರು. ಸಾಲ ತೀರಿತು, ಕೇಳುವವರೂ ಇಲ್ಲ. ಹಾಗಂತ ಊರಲ್ಲಿ ಇದು ಸಿಗದ್ದೇನೂ ಅಲ್ಲ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಪಾಲಿಸಿ ಇದೆ. ಬೆಂಕಿ, ಸಿಡಿಲು, ನೆರೆ, ಭೂಕುಸಿತ ಎಲ್ಲ ಒಂದರಲ್ಲೇ. ಕಟ್ಟಡದ ಮೊತ್ತದ ನೂರಕ್ಕೆ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿ, ಮನೆ ಸಾಮಾನಿಗೂ ತಾನಾಗಿಯೇ ಸೇರುತ್ತದೆ. ಕೆಟ್ಟದ್ದನ್ನು ಬಾಯಲ್ಲಿ ಹೇಳಬಾರದು, ಸರಿ. ಕಾಗದದಲ್ಲಿ ಬರೆದಿಡಬಹುದಲ್ವಾ?

ಒಂದು ಮಾತು ಮಾತ್ರ ಒಪ್ಪಲೇಬೇಕು. ನೆರೆ ಬಂದ ಆ ದಿನ ಬೆಳಗಾಗುವ ಮೊದಲೇ ಪಕ್ಕದ ಮನೆಯ ಹುಡುಗರು ಅಪ್ಪನನ್ನು ಕುರ್ಚಿ ಸಮೇತ ಎತ್ತಿ ತಮ್ಮ ಮಾಳಿಗೆಗೆ ಒಯ್ದರು. ಮೂರು ದಿನ ಗಂಜಿ, ಉಪ್ಪಿನಕಾಯಿ, ಒಣ ಬಟ್ಟೆ ಎಲ್ಲ ಅವರದ್ದೇ. ಇಲ್ಲಿ ನಾಲ್ಕು ವರ್ಷವಾಯಿತು, ಪಕ್ಕದ ಮನೆಯವರ ಹೆಸರು ನನಗಿನ್ನೂ ಗೊತ್ತಿಲ್ಲ. "ಜನ ಇದ್ದಾರಲ್ಲ ಮಗಾ" ಎಂದು ಅಮ್ಮ ಹೇಳುವಾಗ ನನ್ನಲ್ಲಿ ಉತ್ತರವಿರುವುದಿಲ್ಲ.

ಆದರೂ ಆ ಹುಡುಗರಲ್ಲಿ ಒಬ್ಬ ಈಗ ದುಬೈಯಲ್ಲಿ, ಇನ್ನೊಬ್ಬ ಬೆಂಗಳೂರಲ್ಲಿ. ಅಮ್ಮ ಇನ್ನೂ ಹೂಂ ಅಂದಿಲ್ಲ. ಈ ಸಲ ಅಲ್ಲಿ ಬೆಳಿಗ್ಗೆ ಆಗುವ ತನಕ ಕಾದು ಫೋನ್ ಮಾಡುತ್ತೇನೆ.