ಒಂದು ಹೊಂಗೆ ಮರದ ಪಾಲುಪಟ್ಟಿ

ನಮ್ಮ ಮನೆ ಮುಂದಿದ್ದ ಹೊಂಗೆ ಮರಕ್ಕೆ ಎ ಖಾತೆಯೂ ಇರಲಿಲ್ಲ, ಬಿ ಖಾತೆಯೂ ಇರಲಿಲ್ಲ. ಬೆಂಗಳೂರಿನಲ್ಲಿ ಖಾತೆಯಿಲ್ಲದ ಆಸ್ತಿಗೆ ಏನಾಗುತ್ತದೋ ಅದಕ್ಕೂ ಅದೇ ಆಯಿತು. ಬಂದವರೆಲ್ಲ ತಲೆಗೊಂದು ಪಾಲು ಹಾಕಿಕೊಂಡರು.

ಮೊದಲು ಚಕ್ಕುಬಂದಿ ಹೇಳಿಬಿಡುತ್ತೇನೆ. ಮೇಲಕ್ಕೆ ಕರೆಂಟಿನವರು, ಕೆಳಕ್ಕೆ ನೀರಿನವರು, ಪೂರ್ವಕ್ಕೆ ಪಕ್ಕದ ಮನೆಯವರ ಕಾರು, ಪಶ್ಚಿಮಕ್ಕೆ ಟ್ರಾನ್ಸ್‌ಫಾರ್ಮರ್. ನಡುವಿನ ಕಾಂಡ ಯಾರಿಗೂ ಸೇರಿದ್ದಲ್ಲ, ಹಾಗಾಗಿ ಎಲ್ಲರದೂ ಆಗಿತ್ತು. ಎದೆಯೆತ್ತರಕ್ಕೆ ‘ಜೆಂಟ್ಸ್ ಪೀಜಿ, ಊಟ ಸಹಿತ’. ಅದರ ಕೆಳಗೆ ‘ಮೂಲವ್ಯಾಧಿಗೆ ಆಪರೇಷನ್ ಇಲ್ಲದೆ ಪರಿಹಾರ’. ಒಂದು ಭಾನುವಾರ ಇಕ್ಕಳ ಹಿಡಿದು ನಿಂತು ಹದಿನೇಳು ಮೊಳೆ ಕಿತ್ತೆ. ಸೋಮವಾರ ಬೆಳಿಗ್ಗೆ ಹೊಸ ಬೋರ್ಡು ಬಂದಿತ್ತು, ನಾಲ್ಕು ಮೂಲೆಗೆ ನಾಲ್ಕು ಮೊಳೆ: ‘ಅಕ್ಯುಪಂಕ್ಚರ್. ನೋವು ಇರುವುದಿಲ್ಲ’.

ಬುಡದ ಪಾಲು ಫುಟ್‌ಪಾತಿನವರಿಗೆ ಬಂತು. ಅವರು ತೊಗಟೆಗೆ ತಾಗಿಸಿ ಟೈಲ್ ಜೋಡಿಸಿ, ಸಂದಿಗೆಲ್ಲ ಸಿಮೆಂಟು ಮೆತ್ತಿ, ಮೇಲೊಂದು ಸಲ ಕರಣೆಯಲ್ಲಿ ನೇವರಿಸಿ ಕೈ ತೊಳೆದುಕೊಂಡರು. ‘ಮಳೆ ನೀರು ಬೇರಿಗೆ ಎಲ್ಲಿಂದ ಇಳೀಬೇಕಪ್ಪ?’ ಅಂತ ಮೇಸ್ತ್ರಿಯನ್ನು ಕೇಳಿದೆ. ‘ಯೋಚನೆ ಮಾಡಬೇಡಿ ಸಾರ್, ಎಲ್ಲಾ ಮೋರಿಗೆ ಹೋಗುತ್ತೆ’ ಅಂದ. ಮರಗಳ ಬುಡದ ಸುತ್ತ ಒಂದು ಮೀಟರ್ ಜಾಗದಲ್ಲಿ ಸಿಮೆಂಟು ಇರಕೂಡದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದಿಲ್ಲಿಗೆ ಹೇಳಿತ್ತು. ದಿಲ್ಲಿಯಿಂದ ಹೊರಟ ರೈಲು ಎರಡು ದಿನಕ್ಕೆ ಬೆಂಗಳೂರು ಮುಟ್ಟುತ್ತದೆ. ಆ ಮಾತಿಗೆ ಮಾತ್ರ ಇನ್ನೂ ಸಿಗ್ನಲ್ ಸಿಕ್ಕಿದಂತಿಲ್ಲ.

ಹೂವಿನ ಪಾಲು ಯಾರಿಗೂ ಬೇಡವಾಯಿತು. ಯುಗಾದಿ ಹೊತ್ತಿಗೆ ಹೊಂಗೆ ಹೂ ಉದುರಿದರೆ ರಸ್ತೆ ತುಂಬ ಪುರಿ ಚೆಲ್ಲಿದ ಹಾಗಿರುತ್ತದೆ. ನನಗೆ ಅದು ಚಂದ, ಪಕ್ಕದ ಮನೆಯವರಿಗೆ ಕಸ. ಅವರಿಗೆ ನೆರಳು ಬೇಕು, ಕಾರಿಗೆ. ಆದರೆ ಎಲೆ ಬೀಳಬಾರದು, ಹೂ ಬೀಳಬಾರದು, ಮೇಲೆ ಹಕ್ಕಿ ಕೂರಬಾರದು. ಇದನ್ನೇ ಟಬೂಬಿಯಾ ಮಾಡಿದರೆ ಮಾತೇ ಬೇರೆ. ಅಮೆರಿಕ ಖಂಡದಿಂದ ಬಂದ ಆ ಗುಲಾಬಿ ಸುಂದರಿ ಹೂ ಉದುರಿಸಿದರೆ ಇನ್‌ಸ್ಟಾಗ್ರಾಮಿನಲ್ಲಿ ವಸಂತ, ಊರ ಹೊಂಗೆ ಉದುರಿಸಿದರೆ ಪೌರಕಾರ್ಮಿಕರಿಗೆ ಕಂಪ್ಲೇಂಟು.

ಈ ಊರಿನಲ್ಲಿ ಮರ ನೆಡಲು ಯೋಜನೆಯೇ ಇರಲಿಲ್ಲ ಎನ್ನುವಂತಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್ ಲಾಲ್‌ಬಾಗ್ ನೋಡಿಕೊಳ್ಳುತ್ತಾ ಒಂದು ಲೆಕ್ಕ ಹಾಕಿದ್ದರು: ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳಬೇಕು, ವರ್ಷವಿಡೀ ಊರಿನಲ್ಲಿ ಎಲ್ಲೋ ಒಂದು ಕಡೆ ಬಣ್ಣ ಇರಬೇಕು. ಆ ಸರದಿ ಪದ್ಧತಿಯನ್ನು ನಾವು ಬಿಟ್ಟಿಲ್ಲ, ಅಗೆತಕ್ಕೆ ಬಳಸುತ್ತಿದ್ದೇವೆ. ನೀರಿನ ಪೈಪಿನ ಗುಂಡಿ ಮುಚ್ಚುವಾಗ ಗ್ಯಾಸಿನದು ತೆರೆಯುತ್ತದೆ, ಅದು ಬಾಡುವಾಗ ಫೈಬರ್ ಕೇಬಲ್ಲಿನದು ಅರಳುತ್ತದೆ. ವರ್ಷವಿಡೀ ಊರಿನಲ್ಲಿ ಎಲ್ಲೋ ಒಂದು ಕಡೆ ಕೆಮ್ಮಣ್ಣಿನ ಬಣ್ಣ.

ಎಂಬತ್ತರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಈ ನಗರದಲ್ಲಿ ಸುಮಾರು 15 ಲಕ್ಷ ಗಿಡ ನೆಡಿಸಿದರು. ನಮ್ಮ ಹೊಂಗೆಯೂ ಆ ಪೈರಿನದೇ ಇರಬೇಕು, ನಲವತ್ತು ವರ್ಷದ ಮೈಕಟ್ಟು. ಅದನ್ನು ಉರುಳಿಸಲು ಮೂರು ತಿಂಗಳು ಸಾಕಾಯಿತು. ಒಂದೇ ಒಂದು ಕೊಡಲಿ ಏಟು ಬೀಳಲಿಲ್ಲ.

ಮಾರ್ಚಿನಲ್ಲಿ ನೀರಿನವರು ಬಂದು ರಸ್ತೆ ಕಡೆಯ ಬೇರನ್ನು ಜೆಸಿಬಿಯಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಮರದ ಬೇರು ಬಹುಪಾಲು ನೆಲದ ಮೇಲ್ಪದರದ ಎರಡು ಮೂರು ಅಡಿಯಲ್ಲೇ ಹರಡಿರುತ್ತದೆ. ಅವರ ಪೈಪು ಹೋಗುವುದೂ ಅಲ್ಲೇ. ಏಪ್ರಿಲ್‌ನಲ್ಲಿ ಮುಂಗಾರು ಪೂರ್ವ ಸಿದ್ಧತೆ ಎಂದು ಕರೆಂಟಿನವರು ಏಣಿ ಹಾಕಿ, ತಂತಿ ಕಡೆಯ ಕೊಂಬೆಗಳನ್ನೆಲ್ಲ ಬೋಳಿಸಿದರು. ತಂತಿ ಇದ್ದದ್ದೂ ರಸ್ತೆ ಕಡೆಗೇ. ಅಲ್ಲಿಗೆ ಮರದ ಭಾರವೆಲ್ಲ ಮನೆ ಕಡೆ ವಾಲಿತು, ಹಿಡಿದೆಳೆಯಬೇಕಾದ ಆಚೆ ಕಡೆಯ ಬೇರು ಮಾರ್ಚಿನಲ್ಲೇ ಲಾರಿ ಹತ್ತಿತ್ತು. ಅರ್ಧ ತಲೆ ಕ್ಷೌರ ಮಾಡಿಸಿಕೊಂಡು ಕರೆಂಟು ಹೋಯಿತೆಂದು ಎದ್ದು ಬಂದ ಗಿರಾಕಿಯ ಹಾಗೆ ನಿಂತಿತ್ತು ಪಾಪ. ಮೇ ತಿಂಗಳ ಮೊದಲ ಗುಡುಗು ಮಳೆಗೆ, ಸಂಜೆ ಕಾಫಿ ಹೊತ್ತಿನಲ್ಲಿ, ತನ್ನ ನೆರಳಿನಲ್ಲೇ ಬೆಳೆದ ಕಾರಿನ ಮೇಲೆ ಒರಗಿತು.

ಮಹಜರು ನಡೆಯಿತು. ‘ಕಾರಣ’ ಎಂಬ ಕಾಲಮ್ಮಿನಲ್ಲಿ ‘ಬಿರುಗಾಳಿ’ ಎಂದು ಬರೆದರು. ನೀರಿನವರದು ತಪ್ಪಿಲ್ಲ, ಅವರು ಬೇರು ಮಾತ್ರ ಮುಟ್ಟಿದ್ದರು. ಕರೆಂಟಿನವರದೂ ತಪ್ಪಿಲ್ಲ, ಅವರು ಕೊಂಬೆ ಮಾತ್ರ. ಇಡೀ ಮರವನ್ನು ಮುಟ್ಟಿದ್ದು ಗಾಳಿ ಒಂದೇ, ಸಿಕ್ಕಿಬಿದ್ದದ್ದೂ ಅದೇ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಗೆ ಅರ್ಜಿ ಹಾಕಬೇಕು, ಅನುಮತಿಗೆ ಕಾಯಬೇಕು. ತಾನಾಗಿ ಬಿದ್ದರೆ ಅರ್ಜಿಯ ತಲೆನೋವೇ ಇಲ್ಲ. ಅದಕ್ಕೇ ನಮ್ಮ ಬೀದಿಗಳಲ್ಲಿ ಮರಗಳು ಇಷ್ಟು ಸ್ವಾವಲಂಬಿಗಳಾಗಿವೆ.

ತುಂಡುಗಳನ್ನು ಅಂದೇ ರಾತ್ರಿ ಸಾಗಿಸಿದರು. ಸೌದೆಗೆ ವಾರಸುದಾರರ ಕೊರತೆ ಆಗಲಿಲ್ಲ. ಬೊಡ್ಡೆ ಮಾತ್ರ ತಿಂಗಳುಗಟ್ಟಲೆ ಉಳಿಯಿತು, ಮೊಳೆಗಳ ಸಮೇತ.

ಜೂನ್ 5ಕ್ಕೆ ಶಾಮಿಯಾನ ಬಂತು. ಪರಿಸರ ದಿನ. ಬೊಡ್ಡೆಯಿಂದ ಮೊಳದೂರದಲ್ಲಿ ಟೈಲ್ ಎಬ್ಬಿಸಿ, ಟೋಪಿಯಷ್ಟು ಗುಂಡಿ ತೋಡಿ, ಕಪ್ಪು ಪ್ಲಾಸ್ಟಿಕ್ ಕವರನ್ನು ಪೂರ್ತಿ ಬಿಚ್ಚದೆಯೇ ಆಕಾಶಮಲ್ಲಿಗೆಯ ಸಸಿ ಇಟ್ಟರು. ಒಂದೇ ಸಸಿಗೆ ಹನ್ನೊಂದು ಕೈ, ಫೋಟೋಕ್ಕಾಗಿ. ಸುತ್ತ ಕಬ್ಬಿಣದ ಗಾರ್ಡು, ಅದರ ಮೇಲೆ ಪ್ರಾಯೋಜಕರ ಬೋರ್ಡು. ಬೋರ್ಡು ಸಸಿಗಿಂತ ಎತ್ತರವಿತ್ತು.

ಆಕಾಶಮಲ್ಲಿಗೆ ಹೆಸರಿಗೆ ತಕ್ಕ ಹಾಗೆ ನೆಟ್ಟಗೆ ಮೇಲಕ್ಕೇ ಹೋಗುವ ಮರ. ನಾನು ತಲೆಯೆತ್ತಿ ನೋಡಿದೆ. ಸರಿಯಾಗಿ ನೆತ್ತಿಯ ಮೇಲೆ ಮೂರು ತಂತಿ. ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್ ರಿಪೇರಿಗೆ ಬಂದಿದ್ದ ಲೈನ್‌ಮನ್ ಕೂಡ ಸಸಿಯನ್ನೊಮ್ಮೆ, ತಂತಿಯನ್ನೊಮ್ಮೆ ನೋಡಿ, ಬೀಡಿ ಹೊಸಕಿ ಹಾಕಿದ.

‘ಇನ್ನೊಂದು ನಾಲ್ಕು ವರ್ಷ ಬೇಕು ಸಾರ್ ಇದಕ್ಕೆ. ಆಮೇಲೆ ನಾವೇ ಬರ್ತೀವಿ.’